ಮೊದಲ ಉಂಗುರದವರೆಗೆ

ಇವತ್ತು ಹೇಳಿಬಿಡಬೇಕು ಎಂದು ಎಫ್ರೆನ್ ನಿರ್ಧರಿಸಿದ್ದು ಇದು ಹನ್ನೊಂದನೆಯ ಸಲವೋ ಹನ್ನೆರಡನೆಯದೋ ಇರಬೇಕು. ಪ್ರತಿವರ್ಷ ಏಪ್ರಿಲ್ ತಿಂಗಳ ಕೊನೆಯ ಶನಿವಾರ, ಮಾವ ದೋನ್ ಬಾಲ್ದೆಮಾರ್ ಅವರ ಹುಟ್ಟುಹಬ್ಬದ ನೆಪದಲ್ಲಿ ಮನೆಮಂದಿಯೆಲ್ಲ ಲಗೂನಾ ಮಾದ್ರೆ ಎಂಬ ಉಪ್ಪು ಹಿನ್ನೀರಿಗಿಳಿದು ಟ್ರೌಟ್ ಮೀನಿಗೆ ಗಾಳ ಬೀಸುವ ದಿನ, ಈ ನಿರ್ಧಾರ ಅವನಿಗೆ ಬೆಳಗಿನ ಕಾಫಿಯ ಜೊತೆಗೆ ಬರುತ್ತಿತ್ತು, ಮಧ್ಯಾಹ್ನದ ಬಿಯರಿನ ಜೊತೆಗೆ ಇಳಿದುಹೋಗುತ್ತಿತ್ತು. ಅವನ ನಿರ್ಧಾರಗಳ ಆಯುಸ್ಸೇ ಅಷ್ಟು. ಈಗ ತೊಡೆಮಟ್ಟದ ನೀರಿನಲ್ಲಿ, ಬೆಳ್ಳಗಿನ ಮರಳಿನ ಮೇಲೆ ಕಾಲೆಳೆಯುತ್ತ ಅವನು ಮುಂದೆ ಸಾಗುತ್ತಿದ್ದ. ಎಡಕ್ಕೆ ಮೂವತ್ತು ಹೆಜ್ಜೆ ದೂರದಲ್ಲಿ ಮಾವ. ಅವರಾಚೆ ಹೆಂಡತಿ ಒರಾಲಿಯ. ಬಲಕ್ಕೆ ಭಾವಮೈದುನ ರೊಲಾಂದೊ. ದೋಣಿ ಅವನದು, ಆದ್ದರಿಂದ ಗಾಳಿಯ ದಿಕ್ಕಿನಿಂದ ಹಿಡಿದು ದೇಶದ ರಾಜಕೀಯದವರೆಗೆ ಎಲ್ಲದರಲ್ಲೂ ಅವನ ಮಾತೇ ಕೊನೆಯದು. ಅವನಾಚೆ ಚೆಮಾ, ಎಫ್ರೆನ್‌ನ ಮಗಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು, ಹಾಗಾಗಿ ಕೊಂಪಾದ್ರೆ, ಹಾಗಾಗಿ ಬಾಯಿಗೆ ಬಂದದ್ದನ್ನು ಅನ್ನುವ ಹಕ್ಕುಳ್ಳವನು. ಇಲ್ಲಿ ಯಾರೂ ಕಾಲೆತ್ತಿ ಹೆಜ್ಜೆ ಇಡುವುದಿಲ್ಲ. ಮರಳಿನಡಿಯಲ್ಲಿ ತೊರಕೆ ಮೀನುಗಳು ಬಾಲದ ಮುಳ್ಳು ಅಡಗಿಸಿಕೊಂಡು ಮಲಗಿರುತ್ತವೆ. ಪಾದವನ್ನು ಎಳೆದುಕೊಂಡು ಹೋದರೆ ಅವು ತಾವಾಗಿ ಸರಿದುಕೊಳ್ಳುತ್ತವೆ, ಮೇಲಿಂದ ತುಳಿದರೆ ಕಣಕಾಲಿಗೆ ಚುಚ್ಚುತ್ತವೆ. ಮದುವೆಗೆ ಮುಂಚೆ ಒರಾಲಿಯ ಅವನಿಗೆ ಕಲಿಸಿದ ಮೊದಲ ಪಾಠವೇ ಇದು. ಅವನು ಎಷ್ಟು ಚೆನ್ನಾಗಿ ಕಲಿತನೆಂದರೆ ಈ ಮನೆತನದ ಹಜಾರದಲ್ಲೂ ಹತ್ತೊಂಬತ್ತು ವರ್ಷ ಹಾಗೆಯೇ ಕಾಲೆಳೆದುಕೊಂಡು ಓಡಾಡಿದ್ದ.

ಆ ಹಜಾರದ ಗೋಡೆಯ ಮೇಲೆ, ಗ್ವಾದಲೂಪೆ ಮಾತೆಯ ಪಟಕ್ಕೂ ಸೈನ್ಯದ ಸಮವಸ್ತ್ರದಲ್ಲಿರುವ ತೀರಿಹೋದ ಚಿಕ್ಕಪ್ಪನ ಪಟಕ್ಕೂ ನಡುವೆ, ಅವನ ಮೀನು ಇದೆ. ಮೂವತ್ತು ಇಂಚಿನ ಟ್ರೌಟ್. ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳು, ತೆರೆದ ಬಾಯೊಳಗೆ ಹಳದಿ, ಕಣ್ಣಿಗೆ ಗಾಜು. ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಅವನ ಹೆಸರು, ತಾರೀಖು, ಅಳತೆ. ಮೀನು ಫೈಬರಿನದು. ದೊಡ್ಡ ಮೀನನ್ನು ನೀರಿಗೆ ಬಿಟ್ಟುಬರುವುದೇ ದೊಡ್ಡತನ ಎಂದು ತೀರ್ಮಾನವಾದ ಕಾಲದಿಂದ ಗೋಡೆಗೆ ನೇತುಹಾಕುವವರೆಲ್ಲ ಮಾಡುವುದು ಇದನ್ನೇ. ಕಾರ್ಪಸ್ ಕ್ರಿಸ್ಟಿ ಪಟ್ಟಣದಲ್ಲಿ ಒಬ್ಬ ಮನುಷ್ಯನಿದ್ದಾನೆ, ಫೋನಿನಲ್ಲಿ ಉದ್ದ ಕೇಳುತ್ತಾನೆ, ಸುತ್ತಳತೆ ಕೇಳುತ್ತಾನೆ, ಎರಡು ತಿಂಗಳಲ್ಲಿ ಮೀನು ಕಳಿಸುತ್ತಾನೆ. ಮೀನನ್ನು ಅವನು ನೋಡಿರುವುದಿಲ್ಲ, ನೋಡಬೇಕೆಂದು ಕೇಳುವುದೂ ಇಲ್ಲ. ಹೇಳಿದಷ್ಟು ಉದ್ದಕ್ಕೆ ಎರಕ ಹೊಯ್ಯುತ್ತಾನೆ. ಜಗತ್ತಿನಲ್ಲಿ ಮನುಷ್ಯನ ಮಾತನ್ನು ಇಷ್ಟು ಪೂರ್ತಿಯಾಗಿ ನಂಬುವ ಇನ್ನೊಬ್ಬ ವ್ಯಾಪಾರಿ ಇರಲಿಕ್ಕಿಲ್ಲ. ಎಫ್ರೆನ್ ಆ ಮೀನಿನ ಅಡಿಯಲ್ಲಿ ಕೂತು ಸಾವಿರ ಭಾನುವಾರ ಬಾರ್ಬಕೋವಾ ಮಾಂಸ ತಿಂದಿದ್ದಾನೆ. ಪ್ರತಿಸಲವೂ ಗೋಡೆಗೆ ಬೆನ್ನು ಮಾಡುವ ಕುರ್ಚಿಯನ್ನೇ ಆರಿಸಿಕೊಳ್ಳುತ್ತಾನೆ. ಅಳಿಯ ಎಷ್ಟು ವಿನಯವಂತ, ತನ್ನ ಮೀನನ್ನು ತಾನೇ ನೋಡುವುದಿಲ್ಲ ಎಂದು ತೀರಿಹೋದ ಅತ್ತೆ ನೆರೆಯವರಿಗೆಲ್ಲ ಹೇಳುತ್ತಿದ್ದರು.

ಸುಳ್ಳು ಹೇಳಿದ್ದನೇ ಎಂದರೆ ಇಲ್ಲ, ಅದನ್ನು ಅವನು ಆಣೆ ಮಾಡಿ ಹೇಳಬಲ್ಲ. ಸುಳ್ಳು ಹೇಳುವುದಕ್ಕೂ ಒಂದು ಗುಂಡಿಗೆ ಬೇಕು. ಆ ದಿನ ಅವನಿನ್ನೂ ಅಳಿಯನಾಗಿರಲಿಲ್ಲ, ನೀರಿನಲ್ಲಿ ನಿಲ್ಲಲು ಬಾರದ ಊರಿನ ಹುಡುಗನಾಗಿದ್ದ. ದೊಡ್ಡ ಅಂಗಡಿಯ ರಿಯಾಯಿತಿ ಬುಟ್ಟಿಯಿಂದ ಎತ್ತಿಕೊಂಡ ಗಾಳದ ಕೋಲು ಹಿಡಿದು ಎಲ್ಲರಿಗಿಂತ ದೂರದಲ್ಲಿ ಒಬ್ಬನೇ ನಿಂತಿದ್ದಾಗ, ಅದು ಹೇಗೋ, ಆ ಮೀನು ಅವನಿಗೇ ಸಿಕ್ಕಿತು. ಕೋಲಿನ ಪಕ್ಕಕ್ಕಿಟ್ಟು ನೋಡಿದ. ಬಾಲ ಬುಡಕ್ಕೆ ಹಿಡಿದರೆ ಮೂತಿ ಸರಿಯಾಗಿ ಮೊದಲ ಉಂಗುರದವರೆಗೆ ಬಂತು, ದಾರ ಹಾಯುವ ಆ ಮೊದಲ ಉಕ್ಕಿನ ಉಂಗುರ. ನೀರಿಗೆ ಬಿಟ್ಟ. ದೋಣಿಗೆ ಬಂದು ಉಂಗುರದವರೆಗೆ ಇತ್ತು ಎಂದಷ್ಟೇ ಹೇಳಿದ. ಸತ್ಯವನ್ನೇ ಹೇಳಿದ. ದೋನ್ ಬಾಲ್ದೆಮಾರ್ ಎದ್ದು ನಿಂತರು. ಸೋಫಾ, ಕುರ್ಚಿ, ಟ್ರಕ್ಕಿನ ಸೀಟುಗಳಿಗೆ ಹೊದಿಕೆ ಹೊಲಿಯುವುದು ಅವರ ಕಸುಬು. ಬಿಡುವಿನಲ್ಲಿ ಗಾಳದ ಕೋಲುಗಳಿಗೆ ದಾರ ಸುತ್ತಿ ಉಂಗುರ ಕೂರಿಸುತ್ತಿದ್ದರು. ಮನೆಯವರೆಲ್ಲರ ಕೋಲೂ ಅವರ ಕೈಯದೇ, ಇವನ ಕೈಯಲ್ಲಿರುವುದೂ ಅವುಗಳಲ್ಲೊಂದು ಎಂದುಕೊಂಡರು. ಮೊದಲ ಉಂಗುರವನ್ನು ಅವರು ಕೂರಿಸುತ್ತಿದ್ದದ್ದು ಬುಡದಿಂದ ಸರಿಯಾಗಿ ಮೂವತ್ತು ಇಂಚಿಗೆ, ಕೋಲೇ ಅಳತೆಗೋಲಾಗಲಿ ಎಂದು. ಈ ಕುಟುಂಬದಲ್ಲಿ ಉಂಗುರದವರೆಗೆ ಅಂದರೆ ಮೂವತ್ತು, ಅದಕ್ಕೆ ಬೇರೆ ಅರ್ಥವೇ ಇಲ್ಲ. ಮೂವತ್ತು ಎಂದು ಅವರು ಮೆಲ್ಲಗೆ ಹೇಳಿದರು, ಐವತ್ತು ವರ್ಷದಿಂದ ಈ ನೀರಿನಲ್ಲಿ ತಾವು ಹುಡುಕುತ್ತಿದ್ದದ್ದನ್ನು, ಇಪ್ಪತ್ತೊಂಬತ್ತರವರೆಗೆ ಬಂದು ಒಮ್ಮೆಯೂ ದಾಟದಿದ್ದದ್ದನ್ನು, ಆಮೇಲೆ ಬಂದು ಒದ್ದೆ ಅಂಗಿಯ ಸಮೇತ ಅವನನ್ನು ಅಪ್ಪಿಕೊಂಡರು. ಆ ಅಪ್ಪುಗೆಯಿಂದ ಬಿಡಿಸಿಕೊಂಡು, ಇಲ್ಲ ದೋನ್ ಬಾಲ್ದೆಮಾರ್, ಇದು ಅಂಗಡಿಯ ಕೋಲು ಎನ್ನಲು ಅವನಿಗೆ ನಾಲ್ಕು ಸೆಕೆಂಡು ಇತ್ತು. ಒರಾಲಿಯ ಅವನನ್ನೇ ನೋಡುತ್ತ ನಗುತ್ತಿದ್ದಳು. ಸೋಮವಾರ ಮಾವನೇ ಕಾರ್ಪಸ್‌ಗೆ ಫೋನು ಮಾಡಿದರು, ಸುತ್ತಳತೆ ಕೇಳಿದಾಗ ರಿಸೀವರನ್ನು ಇವನ ಕೈಗೆ ಕೊಟ್ಟರು. ಇವನು ಒಂದು ಸಂಖ್ಯೆ ಹೇಳಿದ. ಮೂವತ್ತು ಇಂಚಿನ ಮೀನಿಗೆ ಹೊಂದುವ ಸಂಖ್ಯೆ, ಪುಸ್ತಕ ನೋಡಿಟ್ಟುಕೊಂಡದ್ದು. ಅದೊಂದನ್ನು ಲೆಕ್ಕಕ್ಕೆ ಹಿಡಿಯಬಾರದು.

ಇದರಲ್ಲಿ ತಮಾಷೆಯೆಂದರೆ ಅವನ ಉದ್ಯೋಗ. ಆಲಿಕಲ್ಲು ಬಿದ್ದ ಮನೆಗಳ ಛಾವಣಿ ಹತ್ತಿ, ಟೇಪು ಹಿಡಿದು, ಎಷ್ಟು ಹಾನಿಯಾಗಿದೆ ಎಂದು ವಿಮೆ ಕಂಪನಿಗೆ ವರದಿ ಬರೆಯುವ ಕೆಲಸ. ಆಲಿಕಲ್ಲು ನಿಂಬೆಹಣ್ಣಿನಷ್ಟಿತ್ತು ಎನ್ನುವ ಮುದುಕಿಯರ ಮುಖವನ್ನು ನೋಡದೆ, ಮುಕ್ಕಾಲು ಇಂಚು ಎಂದು ಬರೆಯುತ್ತಾನೆ. ಕಳೆದ ತಿಂಗಳು ಒಬ್ಬ ವಿಧವೆ, ಮೆಟ್ಟಿಲ ಬಳಿ ನಿಂತು, ನಿಮ್ಮ ಜೀವನದಲ್ಲಿ ನೀವು ಯಾವತ್ತೂ ಒಂದು ಇಂಚು ಹೆಚ್ಚು ಹೇಳಿಲ್ಲವೇ ಎಂದು ಕೇಳಿದಳು. ಇಲ್ಲ ಎಂದ. ಅದೂ ನಿಜವೇ; ಅವನು ಹೆಚ್ಚು ಹೇಳಿದ್ದು ಮೂರೂವರೆ ಇಂಚು. ಫೈಬರ್ ಮೀನು ಬಂದು ಗೋಡೆ ಹತ್ತಿದ ರಾತ್ರಿ ಗರಾಜಿನ ಬಾಗಿಲು ಹಾಕಿಕೊಂಡು ಕೋಲನ್ನು ಅಳೆದು ನೋಡಿದ್ದ. ಇಪ್ಪತ್ತಾರೂವರೆ. ಮತ್ತೆ ಅಳೆದ, ಟೇಪು ಬದಲಿಸಿ ಅಳೆದ. ಆಮೇಲೆ ಕೋಲನ್ನು ನೀರು ಕಾಯಿಸುವ ಟ್ಯಾಂಕಿನ ಹಿಂದೆ ತುರುಕಿ, ಕಳುವಾಯಿತು ಎಂದು ಮನೆಯಲ್ಲಿ ಹೇಳಿದ. ಅಂಥ ಐತಿಹಾಸಿಕ ವಸ್ತುವನ್ನು ಕದ್ದವನಿಗೆ ಕೈ ಸೇದಿಹೋಗಲಿ ಎಂದು ಅತ್ತೆ ಮೇಣದಬತ್ತಿ ಹಚ್ಚಿದರು. ಹದಿನೈದು ದಿನ ಎಫ್ರೆನ್‌ಗೆ ಬಲಗೈ ಜುಂ ಎನ್ನುತ್ತಿತ್ತು.

ಈ ಬೆಳಿಗ್ಗೆ ದೋಣಿಕಟ್ಟೆಯಲ್ಲಿ, ಆಲೂಗಡ್ಡೆ ಮೊಟ್ಟೆಯ ಟಾಕೋಗಳನ್ನು ಹಂಚಿ ಮುಗಿಸಿದ ಒರಾಲಿಯ ಟ್ರಕ್ಕಿನಿಂದ ಕೆಂಪು ರಿಬ್ಬನ್ ಕಟ್ಟಿದ ಆ ಕೋಲನ್ನು ತೆಗೆದಳು. ಟ್ಯಾಂಕು ಸೋರುತ್ತಿತ್ತಂತೆ, ರಿಪೇರಿಯವನು ಎಳೆದಾಗ ಹಿಂದೆ ಸಿಕ್ಕಿತಂತೆ. ಅಪ್ಪನಿಗೆ ಎಪ್ಪತ್ತೆಂಟು ತುಂಬುವ ದಿನ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾವುದು ಎಂದಳು. ಎಲ್ಲರ ಎದುರಿಗೆ ಗಂಡನ ಕಡೆ ತಿರುಗಿ, ಕಳ್ಳ ಒಳ್ಳೆಯವನು, ನಮ್ಮ ಮನೆಯಲ್ಲೇ ಇಟ್ಟುಹೋಗಿದ್ದಾನೆ ಎಂದಷ್ಟೇ ಅಂದಳು. ಎಫ್ರೆನ್ ಬಾಯಲ್ಲಿದ್ದ ಟಾಕೋ ನುಂಗುವುದನ್ನು ಮರೆತ. ರೊಲಾಂದೊ ದೋಣಿಗೆ ಐಸು ತುಂಬುತ್ತಿದ್ದ, ಚೆಮಾ ಕೋಲಿಗೆ ಮುತ್ತಿಟ್ಟು ಶಿಲುಬೆಯ ಸನ್ನೆ ಮಾಡಿದ. ಯಾರೂ ಉಂಗುರವನ್ನು ನೋಡಲಿಲ್ಲ. ದೋನ್ ಬಾಲ್ದೆಮಾರ್ ಮಾತ್ರ ಕೋಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಪೊರೆ ಬಂದ ಕಣ್ಣುಗಳನ್ನು ನೀರಿನ ಕಡೆಗಿಟ್ಟು, ಅಂಗೈಯನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ಸವರಿದರು. ಉಂಗುರದ ಹತ್ತಿರ ಕೈ ನಿಂತಿತು. ಹಗುರ ಇದೆ ಎಂದರು. ಇವತ್ತು ನಾನು ಇದರಲ್ಲೇ ಹಿಡೀತೀನಿ ಎಂದರು. ಅವರ ಬೆರಳುಗಳು ಆಗಲೇ ದಾರದ ತುದಿಗೆ ಗಂಟು ಹಾಕುತ್ತಿದ್ದವು, ನೋಡದೆಯೇ, ಒಂದಿಷ್ಟೂ ನಡುಗದೆ.

ಅದಕ್ಕೇ ಇವತ್ತು ಹೇಳಲೇಬೇಕಾಗಿತ್ತು. ಯಾರಾದರೂ ಕಂಡುಹಿಡಿಯುವ ಮೊದಲು ತಾನೇ ಹೇಳಿದರೆ ಅದಕ್ಕೆ ಪ್ರಾಮಾಣಿಕತೆ ಎನ್ನುತ್ತಾರೆ, ಆಮೇಲೆ ಹೇಳಿದರೆ ಇನ್ನೇನೋ ಎನ್ನುತ್ತಾರೆ. ಛಾವಣಿಗಳ ಮೇಲೆ ಅವನು ಕಲಿತದ್ದು ಇಷ್ಟನ್ನೇ. ಮಾವ, ಒಂದು ವಿಷಯ. ಅಲ್ಲ, ಮಾವ, ನಿಮಗೆ ನೆನಪಿದೆಯಾ. ಅದೂ ಅಲ್ಲ. ವಾಕ್ಯವನ್ನು ಬಾಯೊಳಗೇ ತಿರುಗಿಸುತ್ತ, ಗಾಳವನ್ನು ಗಾಳಿಗೆದುರಾಗಿ ಬೀಸುತ್ತ, ದಾರ ತನ್ನದೇ ಟೋಪಿಗೆ ಸುತ್ತಿಕೊಂಡಾಗ ಬಿಡಿಸಿಕೊಳ್ಳುತ್ತ ಅವನು ಎಡಕ್ಕೆ ವಾಲಿಕೊಂಡೇ ಸಾಗಿದ. ಎರಡು ಸಲ ರೊಲಾಂದೊ, ಭಾವ, ಸಾಲು ಬಿಡಬೇಡ ಎಂದು ಕೂಗಿದ. ಹಿಡಿದ ಮೀನು ಪೋಣಿಸಲು ಸೊಂಟಕ್ಕೆ ಕಟ್ಟಿದ ಹಗ್ಗ ಹಿಂದೆ ತೇಲುತ್ತಿತ್ತು, ತುದಿಯಲ್ಲಿ ಬೆಂಡು, ನಡುವೆ ಒಂದೂ ಮೀನಿಲ್ಲ. ಒರಾಲಿಯಳ ಹಗ್ಗದಲ್ಲಿ ಆಗಲೇ ಮೂರಿದ್ದವು, ಮೂರೂ ಕಾನೂನಿಗೆ ಸರಿಯಾದ ಅಳತೆಯವು. ಅವಳಿಗೆ ಯಾವಾಗಲೂ ಬೇಕಾದಷ್ಟೇ ಸಿಗುತ್ತದೆ.

ಆಗ ಕಲ್ಲಂಗಡಿಯ ವಾಸನೆ ಬಂತು. ನೀರಿನ ಮೇಲೆ, ಮಾವನ ಮುಂದೆ, ಎಣ್ಣೆ ಚೆಲ್ಲಿದ ಹಾಗೆ ಒಂದು ನುಣುಪಾದ ಜಾಗ ಎದ್ದಿತ್ತು. ಕೆಳಗೆ ದೊಡ್ಡ ಟ್ರೌಟ್ ತಿನ್ನುತ್ತಿದ್ದರೆ ಮೇಲಕ್ಕೆ ಏಳುವುದು ಈ ಎಣ್ಣೆ, ಹರಡುವುದು ಈ ವಾಸನೆ. ಎಲ್ಲರಿಗೂ ಗೊತ್ತು, ಎಲ್ಲರೂ ನಿಂತುಬಿಟ್ಟರು. ದೋನ್ ಬಾಲ್ದೆಮಾರ್ ನುಣುಪಿನ ಅಂಚಿನಾಚೆಗೆ ಬೀಸಿದರು, ಎರಡು ಸಲ ಜಗ್ಗಿದರು, ಬಿಟ್ಟರು. ಕೋಲು ಬಾಗಿತು. ನೀರಿನ ಮೇಲೆ ಹಳದಿ ಬಾಯಿ ತೆರೆದು ತಲೆ ಒದರಿದ್ದು ಎಫ್ರೆನ್‌ಗೂ ಕಾಣಿಸಿತು. ಆ ಜಾತಿಯ ಬಾಯಿ ಮೆತ್ತಗಿನದು, ಎಳೆದರೆ ಹರಿದುಹೋಗುತ್ತದೆ. ಮುದುಕ ಎಳೆಯಲಿಲ್ಲ, ಅದು ಹೋದ ಕಡೆಗೆ ಕಾಲೆಳೆದುಕೊಂಡು ತಾವೂ ಹೋದರು. ತಪ್ಪಿಸಿಕೊಳ್ಳಲಿ ಎಂದು ಎಫ್ರೆನ್ ಬೇಡಿಕೊಂಡ. ಬೇಡಿಕೊಂಡದ್ದಕ್ಕೆ ತನಗೇ ಹೇಸಿಗೆಯಾಗಿ, ಸಿಗಲಿ ಎಂದು ಬೇಡಿಕೊಂಡ, ಅದೂ ಮನಸ್ಸಿನಿಂದ ಬರಲಿಲ್ಲ. ಒರಾಲಿಯ ತನ್ನ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಅಪ್ಪನ ಹಿಂದೆ ನಿಂತಿದ್ದಳು, ಮುಟ್ಟದೆ. ಹತ್ತು ನಿಮಿಷವಾಯಿತೇನೋ. ಕೊನೆಗೆ ಮಾವ ಬಗ್ಗಿ, ಹೊಟ್ಟೆಯಡಿ ಕೈಕೊಟ್ಟು, ಮಗುವನ್ನು ಎತ್ತುವ ಹಾಗೆ ಅದನ್ನು ಎತ್ತಿದರು.

ಕೋಲಿನ ಪಕ್ಕಕ್ಕಿಟ್ಟರು. ಬಾಲ ಬುಡಕ್ಕೆ. ಮೂತಿ ಉಂಗುರವನ್ನು ಮುಟ್ಟಿತು, ಉಗುರಗಲದಷ್ಟು ದಾಟಿತು.

"ಉಂಗುರ ದಾಟ್ತು ನೋಡ್ರೋ," ಎಂದರು ದೋನ್ ಬಾಲ್ದೆಮಾರ್. ದನಿ ಜೋರಾಗಿರಲಿಲ್ಲ.

ರೊಲಾಂದೊ ನೀರನ್ನು ಎರಚಿಕೊಂಡು ಓಡಿಬಂದ, ತೊರಕೆ ಮೀನುಗಳೆಲ್ಲ ಅವತ್ತು ಅವನನ್ನು ಕ್ಷಮಿಸಿದವು. ಚೆಮಾ ಪ್ಲಾಸ್ಟಿಕ್ ಚೀಲದಿಂದ ಫೋನು ತೆಗೆದು, ಇನ್ನೂ ಮುಂದಕ್ಕೆ ಚಾಚಿ, ಇನ್ನೂ ಮುಂದಕ್ಕೆ ಎಂದು ಹೇಳಿ, ಮೀನು ಮುದುಕನಿಗಿಂತ ದೊಡ್ಡದಾಗಿ ಕಾಣುವ ಫೋಟೋ ಹೊಡೆದ. ಮೂವತ್ತೂವರೆ ಎಂದು ರೊಲಾಂದೊ ಘೋಷಿಸಿದ; ಅಪ್ಪ ಹತ್ತೊಂಬತ್ತು ವರ್ಷದ ಮೇಲೆ ಅಳಿಯನ ದಾಖಲೆ ಮುರಿದ ಎಂದ. ಮಾವ ಮೀನನ್ನು ಅಲೆಗೆದುರಾಗಿ ನೀರಿನಲ್ಲಿ ಹಿಡಿದರು. ಅದರ ಬೆನ್ನಿನ ಮೇಲೆ ಅವರ ಬಲಗೈ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಗಲವಾಗಿ, ಬಾಲದಿಂದ ತಲೆಯವರೆಗೆ ಒಮ್ಮೆ ಸರಿಯಿತು. ಮುದ್ದಿಸುತ್ತಿದ್ದಾರೆ ಎಂದುಕೊಂಡ ಎಫ್ರೆನ್. ಮೀನು ಒಂದು ಸಲ ಕಿವಿರು ತೆರೆದು ಹೊರಟುಹೋಯಿತು. ಒರಾಲಿಯ ಅಳುತ್ತಿದ್ದಳು, ಅವಳು ಅತ್ತದ್ದನ್ನು ಅವನು ಅವಳ ತಾಯಿ ಸತ್ತಾಗ ನೋಡಿದ್ದೇ ಕೊನೆ. ಇದು ಮಾತಾಡುವ ಹೊತ್ತಲ್ಲ ಎಂದು ಯಾವ ದಡ್ಡನಿಗಾದರೂ ತಿಳಿಯುವಂತಿತ್ತು. ಹತ್ತೊಂಬತ್ತು ವರ್ಷ ಸರಿಯಾದ ಹೊತ್ತುಗಳನ್ನೆಲ್ಲ ನುಂಗಿಕೊಂಡು ಬಂದ ಎಫ್ರೆನ್‌ನ ಬಾಯಿ ತಾನಾಗಿ ತೆರೆದುಕೊಂಡಿತು.

"ಮಾವ, ಅದು ಮೂವತ್ತಲ್ಲ," ಎಂದ. "ಅದು ಅಂಗಡಿ ಕೋಲು. ಆ ಉಂಗುರ ಇರೋದು ಇಪ್ಪತ್ತಾರೂವರೆಗೆ. ನಾನು ಅಳೆದಿದ್ದೀನಿ."

ಎಲ್ಲರೂ ತನ್ನನ್ನು ನೋಡುತ್ತಿರುವುದನ್ನು ನೋಡಿ ಅವನಿಗೆ ಒಂದು ಕ್ಷಣ ಹಗುರವೆನಿಸಿತು. ಈಗ ಗೋಡೆಯ ಮೀನು ಬೀಳುತ್ತದೆ, ತನ್ನ ಮುಖದ ಮೇಲೇ ಬೀಳಲಿ. ನನ್ನದೂ ಅಷ್ಟೇ ಇತ್ತು ಎಂದು ಸೇರಿಸಬೇಕಾಗಿತ್ತು. ಅದಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಚೆಮಾ ನಗಲು ಶುರುಮಾಡಿದ.

"ಅಯ್ಯೋ ಕೊಂಪಾದ್ರೆ," ಎಂದ, "ಮುದುಕನ ಹುಟ್ಟುಹಬ್ಬ ಕಣೋ. ಒಂದಿನ ತಡ್ಕೊಳ್ಳೋಕೆ ಆಗಲ್ವಾ?"

ರೊಲಾಂದೊ ನಗಲಿಲ್ಲ. ಇಷ್ಟು ವರ್ಷ ಅಪ್ಪ ಬಂದವರಿಗೆಲ್ಲ ಇವನ ಮೀನು ತೋರಿಸಿ ಹೊಗಳಿದ್ದಕ್ಕೆ ಇವನು ತೀರಿಸುತ್ತಿರುವ ಋಣ ಇದು ಎಂದು ಸಮುದ್ರಕ್ಕೆ ಹೇಳಿದ. ಎಫ್ರೆನ್ ನನ್ನದೂ, ನನ್ನದೂ ಎಂದು ಶುರುಮಾಡಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡ ಒಬ್ಬನೇ ಒಬ್ಬ ಚೆಮಾ, ಹೌದಪ್ಪ, ನಿನ್ನದೇ ದೊಡ್ಡದು ಎಂದು ಬೆನ್ನು ತಟ್ಟಿದ. ಕೊನೆಗೆ ದೋನ್ ಬಾಲ್ದೆಮಾರ್ ಕೋಲನ್ನು ಹೆಗಲಿಗೇರಿಸಿಕೊಂಡು ಅವನ ಹತ್ತಿರ ಬಂದರು. ಪೊರೆ ಬಂದ ಕಣ್ಣು ಯಾರನ್ನು ನೋಡುತ್ತಿದೆ ಎಂದು ಹೇಳುವುದು ಕಷ್ಟ.

"ಹತ್ತೊಂಬತ್ತು ವರ್ಷ ನನ್ನ ಹೊಟ್ಟೆಕಿಚ್ಚು ನಾನು ನುಂಗ್ಕೊಂಡೆ ಮಗಾ," ಎಂದರು. "ನಿನಗೆ ಹತ್ತು ನಿಮಿಷ ಆಗ್ಲಿಲ್ವಾ?"

ಎಲ್ಲರೂ ನಕ್ಕರು, ರೊಲಾಂದೊ ಕೂಡ. ಎಫ್ರೆನ್‌ಗೆ ಕಿವಿ ಕಾದವು. ಸತ್ಯ ಹೇಳಿದ ಮೇಲೆ ಮನುಷ್ಯ ಎತ್ತರವಾಗುತ್ತಾನೆ ಎಂದು ಅವನಿಗೆ ಪಾದ್ರಿಯೊಬ್ಬರು ಹೇಳಿದ್ದರು. ಪಾದ್ರಿಗಳು ಭಾವಮೈದುನರ ಎದುರು ಸತ್ಯ ಹೇಳಿರುವುದಿಲ್ಲ. ದೋಣಿ ಹತ್ತುವಾಗ, ರೋಷಕ್ಕೆ ಬಿದ್ದು, ಕೋಲನ್ನು ಅಳತೆ ಮಾಡಿಯೇ ನೋಡೋಣ ಎಂದ. ದೋಣಿಯ ಐಸುಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದ ಅಳತೆಪಟ್ಟಿ ಬಿಸಿಲಿಗೆ ಕಿತ್ತುಹೋಗಿ ಹದಿನೈದರವರೆಗೆ ಮಾತ್ರ ಉಳಿದಿತ್ತು. ನನ್ನ ಟ್ರಕ್ಕಿನಲ್ಲಿ ಕಂಪನಿಯ ಟೇಪಿದೆ, ದಡಕ್ಕೆ ಹೋದಮೇಲೆ ಎಲ್ಲರ ಎದುರೇ ಅಳೆಯೋಣ ಎಂದ. ಆಗಲಿ ಎಂದ ರೊಲಾಂದೊ, ಇಂಜಿನ್ ಚಾಲೂ ಮಾಡುತ್ತ. ಸೋತರೆ ಕೊಂಪಾದ್ರೆ ಬೋಳಿಸಿಕೊಳ್ಳಬೇಕು ಎಂದ ಚೆಮಾ, ಮೀಸೆಯನ್ನು. ಒರಾಲಿಯ ಗಂಡನ ಪಕ್ಕ ಕೂತಳು, ಒದ್ದೆ ಮೊಣಕಾಲು ಮೊಣಕಾಲಿಗೆ ತಾಗಿತು. ನೀರು ಕಾಯಿಸುವ ಟ್ಯಾಂಕಿನ ಹಿಂದೆ ಕೋಲು ಕಂಡ ದಿನವೇ ಅವಳು ಅದನ್ನು ಅಳೆದಿದ್ದಳೋ ಏನೋ, ಅವನಿಗೆ ಆಮೇಲೂ ಗೊತ್ತಾಗಲಿಲ್ಲ.

"ಇಷ್ಟು ವರ್ಷದಲ್ಲಿ," ಎಂದಳು ಕೆಳದನಿಯಲ್ಲಿ, "ಇವತ್ತೇ ಸಿಕ್ತಾ ನಿನಗೆ?"

ದೋಣಿ ಆಳವಿಲ್ಲದ ನೀರನ್ನು ದಾಟಿ, ಸರಕು ಬೋಟುಗಳು ಹೋಗುವ ಕಾಲುವೆಗೆ ಬಂತು. ಅಲ್ಲಿ ನೀರು ಹಸಿರಿನಿಂದ ಕಂದಾಗುತ್ತದೆ, ಮೂರಾಳು ಆಳ. ದೋನ್ ಬಾಲ್ದೆಮಾರ್ ಹಿಂದುಗಡೆ ಕೂತು ಕೋಲನ್ನು ದೋಣಿಯ ಅಂಚಿಗೆ ಒರಗಿಸಿ ಹಿಡಿದಿದ್ದರು. ಎಫ್ರೆನ್ ಅವರನ್ನೇ ನೋಡುತ್ತಿದ್ದ, ಅದಕ್ಕೇ ಅವನಿಗೊಬ್ಬನಿಗೆ ಕಂಡಿತು: ಅಲೆ ಬಡಿಯಲಿಲ್ಲ, ದೋಣಿ ಕುಲುಕಲಿಲ್ಲ, ಆ ಐದು ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಕೋಲು ಬಿದ್ದ ಸದ್ದೂ ಆಗಲಿಲ್ಲ. ದೋಣಿ ಇನ್ನೂರು ಗಜ ಮುಂದೆ ಬಂದಮೇಲೆ ಮುದುಕ, ಅಯ್ಯೋ ಎಂದರು. ರೊಲಾಂದೊ ತಿರುಗಿಸಿದ, ಎರಡು ಸುತ್ತು ಹಾಕಿದ. ಕೈ ಮುಂಚಿನ ಹಾಗಿಲ್ಲ, ಹಿಡಿತ ಹೋಗಿದೆ ಎಂದು ಮಾವ ಎಲ್ಲರಿಗೂ ಅಂಗೈ ತೋರಿಸಿದರು. ಈಗ ಅದು ಚೆನ್ನಾಗಿಯೇ ನಡುಗುತ್ತಿತ್ತು. ಚೆಮಾ ಎಫ್ರೆನ್‌ನ ಹೆಗಲಿಗೆ ಕೈ ಹಾಕಿ, ನಿನ್ನ ಅದೃಷ್ಟ ಕೊಂಪಾದ್ರೆ, ಮೀಸೆ ಉಳೀತು ಎಂದ.

ದಡದಲ್ಲಿ ಮೀನು ಸೀಳುವ ಮೇಜಿನ ಹತ್ತಿರ ಹೆಜ್ಜಾರ್ಲೆ ಹಕ್ಕಿಗಳು ಸಾಲಾಗಿ ಕೂತಿದ್ದವು. ಒರಾಲಿಯ ಹಿಡಿದ ಮೂರು ಮೀನುಗಳನ್ನು ಮಾವ ತಾವೇ ಸೀಳುತ್ತೇನೆಂದರು. ಉಳಿದವರು ಇದ್ದಿಲ ಒಲೆ ಹಚ್ಚಲು ಹೋದರು. ನೀರು ಹಾಕಲು ಎಫ್ರೆನ್ ಒಬ್ಬನೇ ಉಳಿದ. ಅವನನ್ನು ಯಾರೂ ಕರೆಯಲಿಲ್ಲ ಎನ್ನುವುದೇ ಸರಿ. ಕತ್ತಿ ಬೆನ್ನುಮೂಳೆಗುಂಟ ಬಾಲದವರೆಗೆ ಒಂದೇ ಎಳೆತಕ್ಕೆ ಹೋಗುತ್ತಿತ್ತು, ಐವತ್ತು ವರ್ಷ ಚರ್ಮ ಕತ್ತರಿಸಿದ ಕೈ, ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ಎಫ್ರೆನ್ ಆ ಕೈಯನ್ನೇ ನೋಡುತ್ತ ನಿಂತ. ಮುದುಕ ಕತ್ತಿಯನ್ನು ಕೆಳಗಿಟ್ಟರು. ಒದ್ದೆ ಮೇಜಿನ ಮೇಲೆ ಬಲಗೈ ಹರಡಿದರು, ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು. ಅಲ್ಲಿಂದ ಇನ್ನೊಂದು. ಅಲ್ಲಿಂದ ಇನ್ನೊಂದು. ಜೀವಮಾನವೆಲ್ಲ ಅವರು ಟೇಪು ಹಿಡಿಯದೆ ಸೋಫಾಗಳನ್ನು ಅಳೆದದ್ದು ಆ ಕೈಯಿಂದಲೇ. ಅವರ ಗೇಣು ಒಂಬತ್ತು ಇಂಚು, ಅವರ ರೇಮಂಡ್‌ವಿಲ್ ಊರಿಗೆಲ್ಲ ಗೊತ್ತು. ಮೂರು ಗೇಣಿಗೆ, ನೀರಿಗೆ ಬಿಟ್ಟ ಮೀನಿನ ಇಪ್ಪತ್ತೇಳು ಇಂಚಿಗೆ ಕಿರುಬೆರಳು ನಿಂತಿತು, ಅದನ್ನು ಅಲ್ಲೇ ಒತ್ತಿ ಹಿಡಿದು ಅಳಿಯನನ್ನು ನೋಡಿದರು.

"ಬೆಳಿಗ್ಗೆ ಕೋಲು ಮುಟ್ಟಿದಾಗಲೇ ಗೊತ್ತಾಯ್ತು," ಎಂದರು. "ನೀನು ಬಾಯಿ ಬಿಡ್ದೇ ಇದ್ದಿದ್ರೆ ನಿನ್ನ ಮರ್ಯಾದೆ, ನನ್ನ ಮರ್ಯಾದೆ, ಎರಡೂ ಉಳೀತಿತ್ತು. ಈಗ ನಂದು ಉಳಿಸ್ಕೊಂಡೆ."

ಎಫ್ರೆನ್‌ನ ಕೈಯಲ್ಲಿದ್ದ ಪೈಪಿನಿಂದ ನೀರು ಅವನ ಬೂಟಿನ ಮೇಲೇ ಸುರಿಯುತ್ತಿತ್ತು. ಕ್ಷಮಿಸಿ ಎನ್ನಬೇಕು ಎಂದುಕೊಂಡ. ಮುದುಕ ಮೀನಿನ ತಲೆಯೊಂದನ್ನು ಹೆಜ್ಜಾರ್ಲೆಗೆಸೆದು, ಮತ್ತೆ ಕತ್ತಿ ಎತ್ತಿಕೊಂಡರು. ಗೋಡೆಯಲ್ಲಿ ಚಿಕ್ಕಪ್ಪನ ಪಟವನ್ನು ಸ್ವಲ್ಪ ಸರಿಸಿದರೆ ಇನ್ನೊಂದಕ್ಕೆ ಜಾಗವಾಗುತ್ತದೆ ಎಂದರು.

"ಸೋಮವಾರ ಕಾರ್ಪಸ್‌ಗೆ ಫೋನು ಮಾಡು. ಅಳತೆ ಕೇಳ್ತಾನೆ, ನೀನೇ ಹೇಳು. ನಿನಗೆ ರೂಢಿ ಇದೆ."

"ಎಷ್ಟು ಅಂತ ಹೇಳ್ಲಿ ಮಾವ?"

"ಮೂವತ್ತೂವರೆ," ಎಂದರು ದೋನ್ ಬಾಲ್ದೆಮಾರ್. "ಆ ಅರ್ಧ ಇಂಚು ನಿಜ."